ಮರಳುಗಡಿಯಾರದ ಪೆಟ್ಟಿಗೆಯೂ ಮುನ್ನೂರು ಮನೆ ಮುದ್ದೆಯೂ

ಒಂದಾನೊಂದು ಊರಿನಲ್ಲಿ, ಊರು ಅಂದ್ರೆ ಮುನ್ನೂರು ಮನೆ, ಅದ್ರಲ್ಲಿ ಇನ್ನೂರಕ್ಕೆ ಬಾಗ್ಲೇ ಇಲ್ಲ, ಜನ ಹೆಂಚು ತೆಗೆದು ಇಳೀತಿದ್ರು, ಅಂಥ ಊರಲ್ಲಿ ಗಡಿಬಿಡಿರಾಯ ಅಂತ ಒಬ್ಬ ರಾಜ ಇದ್ದ. ಅವನಿಗೆ ಆನೆ ಇಲ್ಲ, ಕುದುರೆ ಇಲ್ಲ. ಮೂರು ಹಳೇ ಕಂಪ್ಯೂಟರ್ ಪೆಟ್ಟಿಗೆ ಇದ್ವು. ಒಂದೊಂದ್ರೊಳಗೆ ಒಂದೊಂದು ಆಪರೇಟಿಂಗ್ ಸಿಸ್ಟಮ್ಮು. ಮೂರಕ್ಕೂ ಬಾಯಿತ್ತು, ಮೂರಕ್ಕೂ ಜಂಬ ಇತ್ತು.

ಆ ಊರಿಗೊಂದು ಪದ್ಧತಿ. ಮಧ್ಯಾಹ್ನ ರಾಜ ಉಣ್ಣಬೇಕು. ಮೊದಲನೇ ಪೆಟ್ಟಿಗೆಲಿ "ರಾಜ ಉಂಡ" ಅಂತ ಒತ್ತಬೇಕು. ಪೆಟ್ಟಿಗೆ "ಆಯ್ತು" ಅನ್ನಬೇಕು. ಆಮೇಲೇ ಊರವರು ತುತ್ತು ಎತ್ತಬೇಕು. ಒತ್ತೋ ಕೆಲಸ ಅರಮನೆ ಪೆಟ್ಟಿಗೆ ನೋಡ್ಕೊಳ್ಳೋ ಹೊನ್ನಾಜಮ್ಮಂದು.

ಒಂದಿನ ಹೊನ್ನಾಜಮ್ಮ ಒತ್ತಿದ್ಲು. ಪೆಟ್ಟಿಗೆ ಮೇಲೊಂದು ಮರಳುಗಡಿಯಾರ ಬಂತು. ತಿರುಗ್ತು. ತಿರುಗ್ತಾನೇ ಇತ್ತು.

"ಏನಯ್ಯಾ?" ಅಂದ್ಲು.

"ಯೋಚ್ನೆ ಮಾಡ್ತಿದೀನಿ," ಅಂತು ಪೆಟ್ಟಿಗೆ.

"ರಾಜ ಉಂಡಿದ್ದಕ್ಕೆ ನೀನೇನು ಯೋಚ್ನೆ ಮಾಡ್ತೀಯ?"

"ಅದನ್ನೇ ಯೋಚ್ನೆ ಮಾಡ್ತಿದೀನಿ."

ಹೊನ್ನಾಜಮ್ಮ ಆರಿಸಿದ್ಲು, ಹಾಕಿದ್ಲು. ಆರಿಸಿದ್ಲು, ಹಾಕಿದ್ಲು. ಗಡಿಯಾರ ತಿರುಗ್ತಾನೇ ಇತ್ತು. ಊರಲ್ಲಿ ಮುನ್ನೂರು ಮನೆ ಮುದ್ದೆ ಆರ್ತಾ ಇತ್ತು.

ಗಡಿಬಿಡಿರಾಯ ಓಡಿ ಬಂದ. "ಹೊನ್ನಾಜಮ್ಮ, ಸಾರು ತಣ್ಣಗಾಗೋದ್ರೊಳಗೆ ಇದು ಆಯ್ತು ಅನ್ನಬೇಕು. ಅನ್ನದಿದ್ರೆ ಮುನ್ನೂರು ಮನೆ ಊಟಾನೂ ನೀನೊಬ್ಳೇ ಕೂತು ಉಣ್ಣಬೇಕು. ಒಂದಗುಳು ಬಿಡಂಗಿಲ್ಲ!"

ಹೊನ್ನಾಜಮ್ಮ ಕೈ ಮುಗಿದ್ಲು. ಒಂದು ಮುದ್ದೆಗೇ ತೇಗೋ ಜೀವ ಅದು. "ಬುದ್ಧೀ, ಉಳಿದ ಎರಡರಲ್ಲಿ ಒತ್ತಿ ನೋಡ್ತೀನಿ," ಅಂದ್ಲು.

ಕರಿಪರದೆ ಪೆಟ್ಟಿಗೆ ಅಂತು, "ನಾನೇ ಹಿರಿಯ. ನೀನು ಸೀನೋದ್ರೊಳಗೆ ಎದ್ದು ಕೂರ್ತೀನಿ. ಆದ್ರೆ ಅಕ್ಷರ ಮಾತ್ರ ತಪ್ಪಬಾರ್ದು." ಅವಳು ಗಾಬರೀಲಿ "ರಾಜ ಉಂಡಾ" ಅಂತ ಒತ್ತಿದ್ಲು. "ಈ ಮಾತು ನಂಗೆ ಗೊತ್ತಿಲ್ಲ," ಅಂತ ಬಾಯಿ ಮುಚ್ಕೊಂಡ್ತು. ಮುಚ್ಚಿದ್ದು ಮುಚ್ಚಿದ್ದೇ.

ಹಸಿರುಗುಡ್ಡದ ಪೆಟ್ಟಿಗೆ ನಕ್ತು. "ಅದಕ್ಕೆ ಚಿತ್ರ ಇದೆಯಾ? ನಂಗೆ ನೋಡು, ಗುಡ್ಡ ಇದೆ, ಮೋಡ ಇದೆ. ಸಹಾಯ ಬೇಕಾ?"

"ಬೇಕು ಕಣಪ್ಪ!"

"ಸಹಾಯ ಬೇಕಾದ್ರೆ ಸಹಾಯ ಕೇಳಿ. ಇದರಿಂದ ಸಹಾಯ ಆಯ್ತಾ?"

"ಇಲ್ಲ!"

"ಬಹಳ ಸಂತೋಷ," ಅಂದು ಅದೂ ಮಲಗ್ತು.

ರಾಜನಿಗೆ ಹುರುಪು ಬಂತು. "ಮೂರರಲ್ಲಿ ಯಾವುದು ಒಳ್ಳೇದು? ತೂಗಿ! ಮೂಸಿ!" ಅಂತ ತಕ್ಕಡಿ ತರಿಸ್ದ. ಅವನು ತೂಗ್ತಾ ಇರ್ಲಿ. ಹೊನ್ನಾಜಮ್ಮ ಊರಾಚೆ ಗೋಡೆ ಹತ್ರ ಓಡಿದ್ಲು. ಪೆಟ್ಟಿಗೆ ಕೆಟ್ಟೋರೆಲ್ಲ ಬಂದು ಗೋಳು ಬರೆಯೋ ಗೋಡೆ ಅದು.

"ಮರಳುಗಡಿಯಾರ ನಿಲ್ತಿಲ್ಲ, ಏನು ಮಾಡ್ಲಿ?" ಅಂತ ಯಾರೋ ಬರೆದಿದ್ರು. ಕೆಳಗೆ, "ನಂದೂ ಅದೇ ಕತೆ." ಅದರ ಕೆಳಗೆ, "ನಂದೂ." ಹಂಗೆ ನಲವತ್ತೇಳು ಜನ. ಜಾಸ್ತಿ ಅನ್ಸಿದ್ರೆ ನಲವತ್ತಾರು ಮಾಡ್ಕೊಳ್ಳಿ, ನಂದೇನೂ ಹೋಗಲ್ಲ. ಕೊನೇಲಿ, "ನಂದು ಸರಿಹೋಯ್ತು. ಎಲ್ರಿಗೂ ನಮಸ್ಕಾರ. ಇಂತಿ ಪಕ್ಕದೂರಿನ ಕೆಂಪಾಚಾರಿ."

ಹೆಂಗೆ ಸರಿಹೋಯ್ತು? ಅದೊಂದು ಬರ್ದಿಲ್ಲ!

ಹೊನ್ನಾಜಮ್ಮ ಪಕ್ಕದೂರಿಗೆ ಹೋಗಿ ಕೆಂಪಾಚಾರಿ ಕುತ್ತಿಗೆಪಟ್ಟಿ ಹಿಡ್ಕೊಂಡ್ಲು. "ಆಚಾರ್ರೇ, ಹೆಂಗೆ ಸರಿ ಮಾಡಿದ್ರಿ? ಬಾಯಿ ಬಿಡಿ!"

"ಬಿಡಕ್ಕ, ಉಸ್ರು ಕಟ್ತದೆ! ಆರಿಸ್ದೆ. ಹೋಗಿ ಉಂಡೆ. ಬಂದು ಹಾಕ್ದೆ. ಅಷ್ಟೇಯ."

"ಉಣ್ಣದೆ ಸುಮ್ನೆ ಕಾದ್ರೆ?"

"ಕಾದ್ರೆ ಅದಕ್ಕೆ ಗೊತ್ತಾಗ್ತದೆ, ನನ್ನೇ ನೋಡ್ತಾವ್ರೆ ಅಂತ. ಬಿಗ್ಕೊತದೆ. ಮರೆತು ಉಣ್ಣಬೇಕು ಕಣಕ್ಕ. ಪೆಟ್ಟಿಗೆ ನೋಡ್ಕೊಳ್ಳೋರೇ ಉಣ್ಣಬೇಕು."

ಹೊನ್ನಾಜಮ್ಮ ತಲೆ ಮೇಲೆ ಕೈ ಹೊತ್ಲು. ಪೆಟ್ಟಿಗೆ ಏಳಬೇಕಾದ್ರೆ ಅವಳು ಉಣ್ಣಬೇಕು. ಅವಳು ಉಣ್ಣಬೇಕಾದ್ರೆ ಪೆಟ್ಟಿಗೆ ಏಳಬೇಕು. ದಾರಿ ಉದ್ದಕ್ಕೂ ಇದನ್ನೇ ಹೇಳ್ಕೊಂಡು ಬಂದ್ಲು. ಅರಮನೆ ಮೆಟ್ಟಿಲ ಹತ್ರ ಗಕ್ಕನೆ ನಿಂತ್ಲು. ನಕ್ಲು.

"ಬುದ್ಧೀ, ಸಾರು ತಣ್ಣಗಾಯ್ತು. ನಾನು ಸೋತೆ. ಶಿಕ್ಷೆ ಕೊಡಿ."

"ಆಹಾ! ಬಡಿಸ್ರೋ!" ಅಂದ ರಾಜ. ಮುನ್ನೂರು ಮನೆಯವರೂ ಮುದ್ದೆ ಹೊತ್ಕೊಂಡು ಅರಮನೆಗೆ ಬಂದ್ರು.

ಹೊನ್ನಾಜಮ್ಮ ಮರಳುಗಡಿಯಾರದ ಪೆಟ್ಟಿಗೆ ಆರಿಸಿದ್ಲು. ಅದಕ್ಕೆ ಬೆನ್ನು ಹಾಕಿ ಎಲೆ ಮುಂದೆ ಕೂತ್ಲು. ಮೊದಲನೇ ಮನೆ ಮುದ್ದೆ ಮುರಿದ್ಲು, ಸೊಪ್ಪಿನ ಸಾರಲ್ಲಿ ಅದ್ದಿದ್ಲು, ಕಣ್ಮುಚ್ಚಿ ನುಂಗಿದ್ಲು. ಅಂಥ ರುಚಿಗೆ ಪೆಟ್ಟಿಗೇನೂ ಮರೆತ್ಲು, ರಾಜನ್ನೂ ಮರೆತ್ಲು. ಇನ್ನೂ ಇನ್ನೂರ ತೊಂಬತ್ತೊಂಬತ್ತು ಮುದ್ದೆ ಸಾಲಾಗಿ ಕಾಯ್ತಿದ್ವು. ಕೈ ತೊಳೆದು, ಢರ್ರ್ ಅಂತ ತೇಗಿ, ಪೆಟ್ಟಿಗೆ ಹಾಕಿ, "ರಾಜ ಉಂಡ" ಅಂತ ಒತ್ತಿದ್ಲು.

"ಆಯ್ತು," ಅಂತು ಪೆಟ್ಟಿಗೆ.

ಊರು ಹೋ ಅಂತ ಉಳಿದ ಮುದ್ದೆ ಮೇಲೆ ಬಿತ್ತು. ಶಿಕ್ಷೆ ಮುಗಿಸೋಣ ಅಂದ್ರೆ ಅಗುಳೇ ಉಳೀಲಿಲ್ಲ. ಗಡಿಬಿಡಿರಾಯ ತಕ್ಕಡಿ ಹಿಡ್ಕೊಂಡೇ ಕೇಳ್ದ, "ಹಂಗಾದ್ರೆ ಮೂರರಲ್ಲಿ ಯಾವುದು ಒಳ್ಳೇದು ಹೊನ್ನಾಜಮ್ಮ?"

"ಆರಿಸಿದ್ದು, ಬುದ್ಧೀ," ಅಂದ್ಲು.

ಇದರ ನೀತಿ ಏನಪ್ಪಾ ಅಂದ್ರೆ, ಪೆಟ್ಟಿಗೆ ನಿಂತ್ರೆ ನೀವು ಕೂತ್ಕೊಳ್ಳಿ, ಉಣ್ಣಿ. ಕತೆ ನಂಬಿದೋರಿಗೆ ತುಪ್ಪ, ನಂಬದೋರಿಗೆ ಬರೀ ಸಾರು. ನಾನಂತೂ ನಂಬಿದೀನಿ, ತುಪ್ಪ ಈ ಕಡೆ ತನ್ನಿ.