ಯಾರೂ ಇಳಿಯದ ನಿಲ್ದಾಣ

ಜಪಾನಿನ ಬೆಟ್ಟದ ಸೀಮೆಯಲ್ಲಿ ಹಾಗಿನೋ ಎಂಬ ಪುಟ್ಟ ರೈಲು ನಿಲ್ದಾಣ. ಒಂದು ಪ್ಲಾಟ್‌ಫಾರಂ, ಒಂದು ಬೆಂಚು, ಮೇಲೊಂದು ತಗಡಿನ ಸೂರು. ಸ್ಟೇಷನ್ ಮಾಸ್ತರರ ಹುದ್ದೆ ಎಂದೋ ರದ್ದಾಗಿತ್ತು. ಅಲ್ಲಿ ಕಸ ಗುಡಿಸುವ ಕೆಲಸವನ್ನು ಬೆಟ್ಟದ ಮೇಲಿನ ಮಠದ ಗುರು ಗೆಂಕೈ ತಮ್ಮ ಶಿಷ್ಯ ಶುಂಕೋನಿಗೆ ಒಪ್ಪಿಸಿದ್ದರು.

ಶುಂಕೋ ಮಠ ಸೇರಿದ್ದು ಧ್ಯಾನ ಕಲಿಯಲು. ಕೈಗೆ ಸಿಕ್ಕಿದ್ದು ಪೊರಕೆ.

ಬೆಳಗಿನ ರೈಲಿಗೆ ಇದ್ದದ್ದು ಒಂದೇ ಡಬ್ಬಿ. ಬಿಳಿ ಕೈಗವಸಿನ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, ಪ್ಲಾಟ್‌ಫಾರಮಿನತ್ತ ಬೆರಳು ತೋರಿಸಿ, "ಎಲ್ಲ ಸರಿಯಿದೆ!" ಎಂದು ಗಟ್ಟಿಯಾಗಿ ಕೂಗುತ್ತಿದ್ದ. ಅಲ್ಲಿನ ರೈಲಿನವರ ಪದ್ಧತಿ ಅದು. ಕೇಳಲು ಶುಂಕೋನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ.

ಮಠಕ್ಕೆ ಮರಳಿದಾಗ ಗುರುಗಳು ಕೇಳುತ್ತಿದ್ದರು: "ಯಾರಾದರೂ ಇಳಿದರೇನಪ್ಪಾ?"

"ಇಲ್ಲ, ಗುರುಗಳೇ."

"ಸರಿ. ಗಂಜಿ ಆರಿಹೋಗುತ್ತೆ, ಕುಡಿ."

ಬೇಸಿಗೆ ಕಳೆದು ಎಲೆ ಉದುರುವ ಕಾಲ ಬಂತು. ಗುಡಿಸಿದಷ್ಟೂ ಎಲೆ. ಶುಂಕೋನಿಗೆ ತಲೆ ಕೆಟ್ಟುಹೋಯಿತು. ಒಂದು ಸಂಜೆ ಗುರುಗಳ ಮುಂದೆ ಬಂದು ನಿಂತ.

"ಯಾರೂ ಇಳಿಯದ ಕಡೆ ನಾನು ಯಾರಿಗೋಸ್ಕರ ಗುಡಿಸಬೇಕು? ಇದಕ್ಕೆ ಉತ್ತರ ಸಿಗದಿದ್ದರೆ ನಾಳೆಯ ರೈಲಿಗೆ ಊರಿಗೆ ಹೋಗಿಬಿಡುತ್ತೇನೆ."

"ನಾಳೆ ತಾನೇ? ಆಗಲಿ," ಎಂದ ಗೆಂಕೈ ಮಲಗಲು ಎದ್ದರು.

ಬೆಳಗ್ಗೆ ಗುರುಗಳ ಕೋಣೆ ಖಾಲಿಯಿತ್ತು. ಕೊನೆಯ ನಮಸ್ಕಾರಕ್ಕೂ ಸಿಗಲಿಲ್ಲವಲ್ಲ ಎಂದು ಶುಂಕೋನಿಗೆ ಅಳು ಬಂತು. ಬಟ್ಟೆಯ ಗಂಟು ಹಿಡಿದು ನಿಲ್ದಾಣಕ್ಕೆ ಇಳಿದ. ಇಬ್ಬನಿಗೆ ಒದ್ದೆಯಾದ ಎಲೆ ಉದ್ದಕ್ಕೂ ಬಿದ್ದಿತ್ತು. ಬೆಂಚಿಗೆ ಒರಗಿಸಿದ್ದ ಪೊರಕೆಯನ್ನು ಅವನು ಮುಟ್ಟಲಿಲ್ಲ.

ರೈಲು ಬಂತು. ಬಾಗಿಲು ತೆರೆಯಿತು. ಒಬ್ಬರು ಇಳಿದರು.

ಜೋಡಿನ ತುಂಬ ಕೆಸರು, ಕೈಯಲ್ಲಿ ಊರುಗೋಲು. ಗೆಂಕೈ! ಮುದುಕರು ನಸುಕಿನಲ್ಲೇ ಬೆಟ್ಟ ದಾಟಿ, ಹಿಂದಿನ ನಿಲ್ದಾಣದಲ್ಲಿ ರೈಲು ಹತ್ತಿ ಬಂದಿದ್ದರು.

ಒಂದು ಹೆಜ್ಜೆ ಇಟ್ಟರು ನೋಡಿ, ಎಲೆಯ ಮೇಲೆ ಕಾಲು ಜಾರಿತು. ಶುಂಕೋ ಗಂಟು ಬಿಸಾಡಿ ಓಡಿ, ಎರಡೂ ಕೈಯಿಂದ ಅವರನ್ನು ತಬ್ಬಿ ಹಿಡಿದ.

"ಹತ್ತುತ್ತೀರಾ?" ಚಾಲಕ ಕೇಳಿದ.

ಶುಂಕೋ ಗುರುಗಳನ್ನು ಬಿಡಲಿಲ್ಲ. ರೈಲು ಹೊರಟುಹೋಯಿತು.

"ತಾವು ಬರುವುದು ಗೊತ್ತಿದ್ದರೆ ಗುಡಿಸುತ್ತಿದ್ದೆ, ಗುರುಗಳೇ," ಎಂದು ಅವನು ಬಿಕ್ಕಿದ.

"ಗೊತ್ತಿಲ್ಲದೆಯೇ ಇಷ್ಟು ದಿನ ಗುಡಿಸಿದೆಯಲ್ಲ."

ಇಬ್ಬರೂ ಬೆಂಚಿನ ಮೇಲೆ ಕುಳಿತರು. ಗೆಂಕೈ ನಿಲುವಂಗಿಯ ತೋಳಿನ ಜೇಬಿನಿಂದ ಅನ್ನದ ಉಂಡೆ ತೆಗೆದು, ಮುರಿದು, ದೊಡ್ಡ ತುಂಡನ್ನು ಶಿಷ್ಯನಿಗೆ ಕೊಟ್ಟರು. ಎಳೆಬಿಸಿಲು ಬಂತು. ಅನ್ನಕ್ಕೆ ಉಪ್ಪು ಹದವಾಗಿತ್ತು. ಇಂಥ ರುಚಿಯ ಅನ್ನ ತಿಂದದ್ದೇ ಇಲ್ಲ ಎನಿಸಿತು ಶುಂಕೋನಿಗೆ.

ಕೈ ಒರೆಸಿಕೊಂಡು ಪೊರಕೆಗೆ ಎದ್ದ. ಗುರುಗಳು ಅದನ್ನು ಆಗಲೇ ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರು.

"ನಾಳೆ ನೀನು ಬೆಟ್ಟದಾಚೆಯಿಂದ ರೈಲು ಹತ್ತಿ ಬಾ," ಎಂದರು. "ಗುಡಿಸುವುದು ನನಗಿರಲಿ."