ಬಿಳಿಯಪ್ಪನ ಎಣ್ಣೆಸ್ನಾನ

ಒಂದಾನೊಂದು ಊರಿನಲ್ಲಿ, ಅದರಾಚೆ ಊರೇ ಇಲ್ಲದಂಥ ಊರಿನಲ್ಲಿ, ಗುಂಡಭೂಪ ಅಂತ ಒಬ್ಬ ದೊರೆ. ಕುಂಬಳಕಾಯಿ ಗಾತ್ರದ ಒಂದು ಉಪ್ಪಿನ ಹರಳನ್ನು ಮಗನಂತೆ ಸಾಕಿದ್ದ. ಹೆಸರು ಬಿಳಿಯಪ್ಪ. ಅವನಿಗೆ ತೊಟ್ಟಿಲು, ಅವನಿಗೆ ಕಿರೀಟ. ಮಂತ್ರಿ ಏನೇ ಕೇಳಿದರೂ ದೊರೆ, "ಬಿಳಿಯಪ್ಪನನ್ನೂ ಒಂದು ಮಾತು ಕೇಳಯ್ಯ" ಅನ್ನುತ್ತಿದ್ದ.

ನೀರು ತುಂಬೋ ಹಬ್ಬ ಬಂತು. ಎಣ್ಣೆ ಹಚ್ಚಿ ಎರೆದುಕೊಳ್ಳದವರು ಆ ಅರಮನೆಯಲ್ಲಿ ಹೋಳಿಗೆ ಮುಟ್ಟುವಂತಿಲ್ಲ.

"ಬಿಳಿಯಪ್ಪನಿಗೂ ಎರೆದುಬಿಡೇ ಈರಬಸವ್ವ" ಅಂದ ದೊರೆ.

ಈರಬಸವ್ವ ಅರಮನೆ ಬಚ್ಚಲಿನ ಯಜಮಾನಿ. ಎಣ್ಣೆ ಹಚ್ಚಿದಳು. ಬಿಳಿಯಪ್ಪ ಕಮಕ್ ಕಿಮಕ್ ಅನ್ನಲಿಲ್ಲ. ಎಣ್ಣೆಯಲ್ಲೇ ಮುಳುಗಿಸಿದಳು. ಆಗಲೂ ಕಮಕ್ ಕಿಮಕ್ ಅನ್ನಲಿಲ್ಲ. ಎಣ್ಣೆ ಒರೆಸಿ ಬಿಸಿನೀರ ಹಂಡೆಗೆ ಇಳಿಸಿದಳು. ಅಂಥ ಹಂಡೆ ಕಂಡವರು ಲೋಕದಲ್ಲಿ ಇಬ್ಬರೇ: ಒಬ್ಬ ಅದನ್ನು ಬಡಿದ ಕಂಚುಗಾರ, ಇನ್ನೊಬ್ಬ ಈ ಕತೆ ಹೇಳುತ್ತಿರುವವನು. ಬೆನ್ನು ತಿಕ್ಕಿದಳು, ಬೆನ್ನು ಸಣ್ಣದಾಯಿತು. ಹೊಟ್ಟೆ ತಿಕ್ಕಿದಳು, ಹೊಟ್ಟೆ ಹೋಯಿತು. ಕೊನೆಗೆ ನೋಡಿದರೆ ತನ್ನ ಕೈಯನ್ನೇ ತಿಕ್ಕುತ್ತಿದ್ದಳು.

"ಹೋಳಿಗೆ ಆರೋದರೊಳಗೆ ಬಿಳಿಯಪ್ಪ ಬರಬೇಕು!" ಸುದ್ದಿ ಕೇಳಿದ ದೊರೆ ಅಬ್ಬರಿಸಿದ. "ಇಲ್ಲದಿದ್ದರೆ ನಿನ್ನ ತಲೆ ಹಾರಿತು!"

ಈರಬಸವ್ವ ಹಂಡೆಗೆ ಬಗ್ಗಿ ಕೂಗಿದಳು. "ಎಲೇ ನೀರವ್ವ, ಕಳ್ಳಿ! ಕೊಡೇ ನಮ್ಮ ಬಿಳಿಯಪ್ಪನ್ನ!"

"ಕಳ್ಳಿ ಅನ್ನಬೇಡವ್ವ" ಅಂದಳು ನೀರವ್ವ. "ಬಿಳಿಯಪ್ಪ ಒಬ್ಬನೇ ಎಲ್ಲಿದ್ದ? ಸೋಡಿಯಂ ಒಬ್ಬ, ಕ್ಲೋರೈಡ್ ಒಬ್ಬ, ಮತ್ತೆ ಸೋಡಿಯಂ, ಮತ್ತೆ ಕ್ಲೋರೈಡ್. ಕೋಟಿ ಕೋಟಿ ಜನ ಕೈಕೈ ಹಿಡಿದು ಸಾಲಾಗಿ ಕೂತಿದ್ದರು. ನನ್ನ ಒಂದೊಂದು ಕಣಕ್ಕೂ ಒಂದು ತಲೆ, ಎರಡು ಕಿವಿ. ತಲೆ ಕಂಡರೆ ಸೋಡಿಯಂ ಓಡಿ ಬರುತ್ತಾನೆ, ಕಿವಿ ಕಂಡರೆ ಕ್ಲೋರೈಡ್. ಬಂದವರ ಸುತ್ತ ಕೂತು ಉಪಚಾರ ಮಾಡುತ್ತಿದ್ದೇವೆ. ಹಬ್ಬದ ದಿನ ನೆಂಟರನ್ನು ಹೊರಗೆ ಹಾಕೋದುಂಟೇ?"

"ಹಾಗಾದರೆ ನೀನೇ ಹೊರಡೇ!"

"ನೆಂಟರನ್ನು ಬಿಟ್ಟು? ಕಾಲ ಕೆಳಗೆ ಬೆಂಕಿ ಇಟ್ಟರೆ ಮಾತ್ರ."

ಈರಬಸವ್ವ ಇಟ್ಟೇಬಿಟ್ಟಳು. ನೀರವ್ವ ಬೈಯುತ್ತಾ ಬೈಯುತ್ತಾ ಬೆಳಕಿಂಡಿಯಿಂದ ಹೊರಟುಹೋದಳು. ಉಪಚಾರ ತಪ್ಪಿದ ಸೋಡಿಯಂ, ಕ್ಲೋರೈಡುಗಳು ಮತ್ತೆ ಕೈ ಹಿಡಿದು ಕೂತರು. ಆದರೆ ಎಲ್ಲ ಸೇರಿ ಒಬ್ಬ ಬಿಳಿಯಪ್ಪ ಆಗಲಿಲ್ಲ. ಹಂಡೆಯ ತಳದ ತುಂಬ ಪುಟ್ಟ ಪುಟ್ಟ ಚೌಕದ ಮರಿ ಬಿಳಿಯಪ್ಪಂದಿರು.

ಹೋಳಿಗೆ ಇನ್ನೂ ಹಬೆಯಾಡುತ್ತಿತ್ತು. ದೊರೆ ಬಂದು ಬಗ್ಗಿ ನೋಡಿದ.

"ಇದರಲ್ಲಿ ನನ್ನ ಬಿಳಿಯಪ್ಪ ಯಾರೇ?"

"ಎಲ್ಲರೂ ಅವನ ಮಕ್ಕಳೇ ಬುದ್ಧಿ. ನೀವು ಅಜ್ಜ ಆದಿರಿ!"

ಅಜ್ಜ! ದೊರೆಗೆ ಸಂತೋಷ ತಡೆಯಲಾಗಲಿಲ್ಲ, ಗೊಳೋ ಅಂತ ಅತ್ತುಬಿಟ್ಟ. ಟಪ್ ಅಂತ ಒಂದು ಹನಿ ಬಿತ್ತು. ನಾಲ್ಕು ಮೊಮ್ಮಕ್ಕಳು ಮಾಯ.

"ಅಳಬೇಡಿ ಬುದ್ಧಿ, ವಂಶ ಕರಗುತ್ತೆ!" ಈರಬಸವ್ವ ಎರಡೂ ಕೈಯಿಂದ ದೊರೆಯ ಕಣ್ಣು ಒತ್ತಿ ಹಿಡಿದಳು. ಇವತ್ತಿಗೂ ಬಿಟ್ಟಿಲ್ಲ. ಬಿಟ್ಟರೆ ಅಳುತ್ತಾನೆ. ಕೈ ಬೇಕು ಅಂದಮೇಲೆ ತಲೆ ತೆಗೆಯೋದು ಹೇಗೆ?

ಅದಕ್ಕೇ ಹಿರಿಯರ ಮಾತು: ಉಪ್ಪಿಗೆ ಅಜ್ಜನಾಗುವವನ ಕಣ್ಣು ಒಣಗಿರಬೇಕು. ಕತೆ ಅಲ್ಲಿ ಆರಿತು, ನಾವು ಇಲ್ಲಿ ಬಾಯಾರಿದೆವು.