ಆಚೆ ದಡದ ಬ್ರದರ್ ಅರುಳಪ್ಪ

ಹೊಳೆಯ ದಂಡೆಯಲ್ಲಿ ಒಂದು ಮಿಷನ್ ಮನೆ. ಅಲ್ಲಿ ಪಾದ್ರಿಗಳು, ಬ್ರದರುಗಳು ಸೇರಿ ಎಂಟು ಜನ. ಫಾದರ್ ಚೌರಪ್ಪ ಆ ಮನೆಯ ಹೊಣೆ ಹೊತ್ತ ಸುಪೀರಿಯರ್ ಆಗಿ ಏಳು ತಿಂಗಳಾಗಿತ್ತು.

ಅವನು ಊಟದ ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಪೂಜೆ ಮುಗಿಸಿದವನೇ ಇನ್ನಾಸಪ್ಪ ಸ್ವಾಮಿಗಳ ಬಳಿ ಹೋದ. ಅವನನ್ನು ಪಾದ್ರಿಯಾಗುವ ದಾರಿಯಲ್ಲಿ ನಡೆಸಿದ ಗುರು ಅವರು. ಎಂಬತ್ತು ದಾಟಿದ್ದರು. ತೋಟದ ತುದಿಯ ತಮ್ಮ ಕೋಣೆಯ ಮುಂದೆ ಕೂತು ಹುರುಳಿ ಆರಿಸುತ್ತಿದ್ದರು.

“ಸ್ವಾಮಿ, ಈ ಹೊಣೆ ನನಗೆ ಬೇಡ. ಬಿಡಿಸಿ ಅಂತ ಮೇಲಿನವರಿಗೆ ಬರೆಯುತ್ತೇನೆ.”

“ಯಾಕೆ?”

“ಇಷ್ಟು ಜನರ ನಡುವೆ ನಾನು ಒಬ್ಬನೇ. ಯಾರೂ ಪಕ್ಕದಲ್ಲಿ ಕೂರುವುದಿಲ್ಲ.”

“ಯಾವಾಗಿನಿಂದ?”

ಚೌರಪ್ಪ ಯೋಚಿಸಿದ. “ಅರುಳಪ್ಪನವರನ್ನು ಆಚೆ ದಡಕ್ಕೆ ಕಳಿಸಿದಾಗಿನಿಂದ.”

ಬ್ರದರ್ ಅರುಳಪ್ಪ ಇಪ್ಪತ್ತೆರಡು ವರ್ಷ ಆ ಮನೆಗೆ ಅಡುಗೆ ಮಾಡಿ ಬಡಿಸಿದವರು. ಈಗ ಹೊಳೆಯಾಚೆ, ಕಾಡಂಚಿನ ಬುಡಕಟ್ಟಿನವರ ಹಾಡಿಯ ಔಷಧಿ ಕೊಠಡಿಯಲ್ಲಿದ್ದರು.

“ಕಳಿಸಿದ್ದು ತಪ್ಪೇನು?”

“ಅಲ್ಲ ಸ್ವಾಮಿ. ಹಾಡಿಯವರ ಮಾತು ಬಲ್ಲವರು ಅವರೊಬ್ಬರೇ.”

“ಏನು ಹೇಳಿ ಕಳಿಸಿದೆ?”

ಚೌರಪ್ಪ ತಲೆ ತಗ್ಗಿಸಿದ. “ಹೇಳಲಿಲ್ಲ. ಕಾಗದ ಬರೆದು ಅವರ ಬಾಗಿಲ ಸಂದಿಯಲ್ಲಿ ತೂರಿಸಿದೆ.”

ಮುದುಕರು ಮೊರ ಕೆಳಗಿಟ್ಟರು. ಕೋಲು ಹುಡುಕಿಕೊಂಡು ಎದ್ದರು.

“ಎಲ್ಲಿಗೆ ಸ್ವಾಮಿ?”

“ತೆಪ್ಪ ಇನ್ನೂ ಹೊರಟಿರಲಿಕ್ಕಿಲ್ಲ. ಬಾ.”

ಇಬ್ಬರೂ ತೆಪ್ಪದಲ್ಲಿ ಹೊಳೆ ದಾಟಿ ಹಾಡಿಗೆ ಹೋದರು.

ಅರುಳಪ್ಪ ಕೊಠಡಿಯ ಹಿಂದೆ ಗಾಯಕ್ಕೆ ಕಟ್ಟುವ ಬಟ್ಟೆಗಳನ್ನು ಒಗೆದು ಹರವುತ್ತಿದ್ದರು. ಸುಪೀರಿಯರನ್ನು ಕಂಡು ಕೈ ಒರೆಸಿಕೊಂಡು ನೆಟ್ಟಗೆ ನಿಂತರು.

“ನನ್ನಿಂದ ಏನಾದರೂ ತಪ್ಪಾಯಿತೇ ಫಾದರ್?”

“ತಪ್ಪು ನನ್ನದು ಬ್ರದರ್. ನಿಮ್ಮ ಮುಖ ನೋಡಿ ಹೇಳಬೇಕಿತ್ತು. ನೀವು ಅತ್ತುಬಿಟ್ಟರೆ ಅಂತ ಹೆದರಿದೆ.”

“ಅಳುತ್ತಿದ್ದೆ,” ಎಂದರು ಅರುಳಪ್ಪ. “ಅತ್ತು, ಆಮೇಲೆ ಇಲ್ಲಿಗೆ ಬರುತ್ತಿದ್ದೆ.”

ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ವಾಪಸು ಕರೆದುಕೊಂಡು ಹೋಗಲು ಬಂದಿರಾ?”

ಹೌದು ಎನ್ನಬೇಕೆಂದು ಚೌರಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಈ ಸಲ ಅವನು ಮುಖ ತಪ್ಪಿಸಲಿಲ್ಲ.

“ಇಲ್ಲ. ಇಲ್ಲಿಗೆ ನೀವು ಬೇಕು.”

ಅರುಳಪ್ಪ ಉಳಿದ ಬಟ್ಟೆಗಳನ್ನೂ ಹರವಿದರು. ಆಮೇಲೆ ಒಳಗೆ ಹೋಗಿ ಮೂರು ತಟ್ಟೆ ತಂದರು. ಮುದ್ದೆ, ಸೊಪ್ಪಿನ ಸಾರು.

ಉಣ್ಣುತ್ತಾ ಅವರು ಮಾತು ನಿಲ್ಲಿಸಲೇ ಇಲ್ಲ. ಯಾರಿಗೆ ಹಾವು ಕಚ್ಚಿತ್ತು, ಯಾರ ಮನೆಯಲ್ಲಿ ಅವಳಿ ಹುಟ್ಟಿತು, ಯಾವ ಅಜ್ಜಿ ಮಾತ್ರೆಯನ್ನು ಕೋಳಿಗೆ ಹಾಕಿದಳು. ತಟ್ಟೆ ಒಣಗಿದರೂ ಏಳಲಿಲ್ಲ. ಆಮೇಲೆ ದಡದವರೆಗೂ ಬಂದು, ತೆಪ್ಪ ನಡುಹೊಳೆ ಮುಟ್ಟುವವರೆಗೂ ನಿಂತೇ ಇದ್ದರು.

ತೆಪ್ಪದಲ್ಲಿ ಚೌರಪ್ಪ ಮೆಲ್ಲಗೆ ಹೇಳಿದ, “ಕ್ಷಮಿಸಿದೆ ಅಂತ ಅವರು ಅನ್ನಲಿಲ್ಲ.”

“ಅನ್ನಲಿಲ್ಲ.”

“ನನ್ನ ಒಂಟಿತನವೂ ಹೋಗಲಿಲ್ಲ ಸ್ವಾಮಿ. ಬಂದಾಗ ಇದ್ದ ಹಾಗೇ ಇದೆ.”

ಮುದುಕರ ಕಣ್ಣು ಹಿಂದೆ ಉಳಿದ ದಡದ ಮೇಲಿತ್ತು.

“ನಿನ್ನದು ಇರಲಿ ಚೌರಪ್ಪ. ಇವತ್ತಿನವರೆಗೆ ಅಲ್ಲಿ ಅರುಳಪ್ಪನೂ ಒಬ್ಬನೇ ಇದ್ದ.”